ರಾತ್ರಿ ಎಷ್ಟು ಸಲ ಏಳುತ್ತೀರಿ?

(ಹಿರಿಯರ ಬಳಗವೊಂದರಲ್ಲಿ ಮೂತ್ರರೋಗ ತಜ್ಞರೊಬ್ಬರು ಆಡಿದ ಮಾತುಗಳ ಬರಹ ರೂಪ)

ನಿನ್ನೆ ರಾತ್ರಿ ಒಂದಕ್ಕೆ ಅಂತ ಎರಡು ಸಲಕ್ಕಿಂತ ಜಾಸ್ತಿ ಎದ್ದವರು ಕೈ ಎತ್ತಿ ಅಂದೆ. ಮೂರೇ ಕೈ ಮೇಲೆ ಬಂತು. ನಿಮ್ಮ ಮನೆಯವರನ್ನು ಕರೆದು ಕೇಳಿದರೆ ಲೆಕ್ಕ ಬೇರೆ ಬರುತ್ತದೆ, ನನಗೆ ಗೊತ್ತು. ನನ್ನ ಹತ್ತಿರ ಬರುವ ಗಂಡಸರಲ್ಲಿ ಎಷ್ಟೋ ಜನ ತಾವಾಗಿ ಬಂದವರಲ್ಲ, ಹೆಂಡತಿ ಎಳೆದುಕೊಂಡು ಬಂದವರು. "ಇವರು ಏಳ್ತಾರೆ, ಲೈಟ್ ಹಾಕ್ತಾರೆ, ನನಗೂ ನಿದ್ದೆ ಇಲ್ಲ ಡಾಕ್ಟ್ರೇ" ಅನ್ನುತ್ತಾರೆ ಆಕೆ. ಆತ ಪಕ್ಕದಲ್ಲಿ ಕೂತು ಗೋಡೆಯ ಕ್ಯಾಲೆಂಡರ್ ನೋಡುತ್ತಿರುತ್ತಾನೆ.

ನನಗೂ ಈಗ 63. ನಾನೂ ಒಂದು ಸಲ ಏಳುತ್ತೇನೆ. ಆದ್ದರಿಂದ ಇದು ನಿಮ್ಮ ಕಾಯಿಲೆ, ನಾನು ಡಾಕ್ಟರ್ ಅಂತ ಭಾವಿಸಬೇಡಿ.

ಈ ವಿಷಯಕ್ಕೆ ನಮ್ಮಲ್ಲಿ ಸರಿಯಾದ ಮಾತೇ ಇಲ್ಲ. 'ಉಚ್ಚೆ' ಅಂದರೆ ಒರಟು. 'ಮೂತ್ರ ವಿಸರ್ಜನೆ' ಅಂದರೆ ಬಸ್‌ಸ್ಟ್ಯಾಂಡ್ ಗೋಡೆಯ ಮೇಲಿನ ಬೋರ್ಡು. ಹಾಗಾಗಿ ಒಂದನೇ ಕ್ಲಾಸಿನಲ್ಲಿ ಮೇಷ್ಟ್ರಿಗೆ ಕಿರುಬೆರಳು ತೋರಿಸಿ ಕಲಿತದ್ದನ್ನೇ ಎಪ್ಪತ್ತರಲ್ಲೂ ಹೇಳುತ್ತೇವೆ. ಇವತ್ತು ನಾನು ಮೂರೂ ಮಾತು ಬಳಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಬರುವವರೆಲ್ಲ ಕಾಯಿಲೆಗೆ ತಾವೇ ಹೆಸರಿಟ್ಟುಕೊಂಡು ಬರುತ್ತಾರೆ. "ಪ್ರಾಸ್ಟೇಟ್ ಸಾರ್." ಗಂಡಸರ ಮೂತ್ರಚೀಲದ ಕೆಳಗಿರುವ ಗ್ರಂಥಿ ಅದು, ಆಮೇಲೆ ಅದಕ್ಕೆ ಬರುತ್ತೇನೆ. ವಾಕಿಂಗ್ ಹೋಗುವಾಗ ಯಾರೋ ಹೇಳಿರುತ್ತಾರೆ, ಯಾರದೋ ಚೀಟಿ ತೋರಿಸಿ ಅದೇ ಮಾತ್ರೆ ತಂದು ನುಂಗಿಯೂ ಆಗಿರುತ್ತದೆ. ನನ್ನ ತಕರಾರು ಇಲ್ಲೇ. ಪ್ರಾಸ್ಟೇಟ್ ತಪ್ಪಿತಸ್ಥ ಹೌದು, ಆದರೆ ಎಲ್ಲ ಕೇಸಿನಲ್ಲೂ ಅಲ್ಲ. ಮೂತ್ರಚೀಲಕ್ಕೂ ವಯಸ್ಸಾಗುತ್ತದೆ. ಕಿಡ್ನಿಗೆ ವಯಸ್ಸಾಗುತ್ತದೆ. ಕಾಲು, ಹೃದಯ, ನಿದ್ದೆ ಎಲ್ಲವೂ ಇದರಲ್ಲಿ ಕೈಯಾಡಿಸುತ್ತವೆ.

ಮೊದಲು ಚೀಲದಿಂದ ಶುರು ಮಾಡೋಣ. ಮೂತ್ರಚೀಲ ಅಂದರೆ ಸುಮ್ನೆ ನೀರು ತುಂಬಿಡುವ ಪ್ಲಾಸ್ಟಿಕ್ ಕವರ್ ಅಲ್ಲ. ಅದು ಪೂರ್ತಿ ಮಾಂಸಖಂಡ. ಆರೋಗ್ಯವಂತ ಗಂಡಸಿನ ಚೀಲ 400ರಿಂದ 500 ಮಿಲಿಲೀಟರ್ ಹಿಡಿಯುತ್ತದೆ. 150, 200 ತುಂಬಿದಾಗ ಮೆದುಳಿಗೆ ಮೊದಲ ಸುದ್ದಿ ಹೋಗುತ್ತದೆ. "ಇರಲಿ ಬಿಡು, ಆಮೇಲೆ ನೋಡೋಣ" ಅಂತ ಮೆದುಳು ಹೇಳುತ್ತದೆ. ಚೀಲ ಆ ಮಾತು ಕೇಳಿ ಸುಮ್ಮನಿರುತ್ತದೆ. ಹೋಗಬೇಕಾದ ಜಾಗಕ್ಕೆ ಹೋಗಿ ನಿಂತ ಮೇಲೆ ಮೆದುಳು ಅಪ್ಪಣೆ ಕೊಡುತ್ತದೆ, ಬಾಗಿಲು ಸಡಿಲವಾಗುತ್ತದೆ, ಚೀಲದ ಸ್ನಾಯು ಹಿಂಡುತ್ತದೆ. ಮಕ್ಕಳು ಮೂರು ನಾಲ್ಕು ವರ್ಷದ ಹೊತ್ತಿಗೆ ಈ ಒಪ್ಪಂದ ಕಲಿಯುತ್ತಾರೆ.

ವಯಸ್ಸಾದಂತೆ ಈ ಒಪ್ಪಂದ ಎರಡೂ ಕಡೆಯಿಂದ ಸಡಿಲವಾಗುತ್ತದೆ. ಸ್ನಾಯುವಿನ ಎಳೆಗಳು ಕಡಿಮೆಯಾಗಿ ಅವುಗಳ ನಡುವೆ ನಾರಿನಂಥ ಅಂಗಾಂಶ ಸೇರಿಕೊಳ್ಳುತ್ತದೆ. ಬಿಸಿಲಿಗೆ ಬಿದ್ದ ಹಳೇ ಸೈಕಲ್ ಟ್ಯೂಬ್ ನೋಡಿದ್ದೀರಲ್ವಾ? ಎಳೆದರೆ ಹಿಗ್ಗುವುದಿಲ್ಲ, ಬಿಟ್ಟರೆ ಕುಗ್ಗುವುದಿಲ್ಲ. ಹಾಗೆ. ಹಿಡಿಯುವುದೂ ಕಡಿಮೆ, ಹಿಂಡುವುದೂ ಕಡಿಮೆ. ಹೋಗಿ ಬಂದ ಮೇಲೂ ಒಂದಿಷ್ಟು ಒಳಗೇ ಉಳಿಯುತ್ತದೆ. ಆ ಕಡೆ ಮೆದುಳಿನ "ಇರಲಿ ಬಿಡು" ಅನ್ನುವ ಅಧಿಕಾರವೂ ಕುಗ್ಗುತ್ತದೆ. ಪಾರ್ಶ್ವವಾಯು, ಪಾರ್ಕಿನ್ಸನ್ ಆದವರಲ್ಲಿ ಇನ್ನೂ ಜಾಸ್ತಿ. ಹಾಗಾಗಿ ಚೀಲ ಅಪ್ಪಣೆಗೆ ಕಾಯದೆ ನಡುವೆಯೇ ಹಿಂಡಲು ಶುರು ಮಾಡುತ್ತದೆ. ಒಂದೇ ಚೀಲ ಅವಸರವನ್ನೂ ಮಾಡುತ್ತದೆ, ಹೋಗಿ ನಿಂತರೆ ಪೂರ್ತಿ ಖಾಲಿಯೂ ಮಾಡುವುದಿಲ್ಲ.

ಹೊರಗಿನಿಂದ ಮನೆಗೆ ಬರುತ್ತೀರಿ. ದಾರಿಯುದ್ದಕ್ಕೂ ಏನೂ ಇರಲಿಲ್ಲ. ಬಾಗಿಲ ಮುಂದೆ ನಿಂತು ಜೇಬಿನಿಂದ ಬೀಗದ ಕೈ ತೆಗೆದ ತಕ್ಷಣ ತಡೆಯಲಾರದ ಅವಸರ. ನಗುತ್ತಿದ್ದೀರಿ, ಅಂದರೆ ಗೊತ್ತಿದೆ. ನಲ್ಲಿ ನೀರಿನ ಸದ್ದು ಕೇಳಿದರೂ ಹಾಗೇ ಆಗುತ್ತದೆ. ಇದು ಪ್ರಾಸ್ಟೇಟ್ ಕೆಲಸ ಮಾತ್ರ ಅಲ್ಲ, ಮೆದುಳು ಮತ್ತು ಚೀಲದ ನಡುವಿನ ಸಂಕೇತ. ಆಗ ಓಡಬೇಡಿ. ಓಡಿದರೆ ಸೋತಿರಿ. ನಿಂತಲ್ಲೇ ನಿಂತು, ಗಾಳಿ ಹೋಗುವುದನ್ನು ತಡೆಯುವಾಗ ಬಿಗಿ ಹಿಡಿಯುತ್ತೇವಲ್ಲ, ಆ ಸ್ನಾಯುವನ್ನು ಐದಾರು ಸಲ ಬಿಗಿಹಿಡಿದು ಬಿಡಿ. ಅಲೆ ಇಳಿಯುತ್ತದೆ. ಆಮೇಲೆ ನಿಧಾನಕ್ಕೆ ನಡೆದು ಹೋಗಿ.

ಚೀಲಕ್ಕೇ ವಯಸ್ಸಾಗುತ್ತದೆ ಅನ್ನುವುದಕ್ಕೆ ದೊಡ್ಡ ಸಾಕ್ಷಿ ನಿಮ್ಮ ಮನೆಯಲ್ಲೇ ಇದೆ. ಹೆಂಗಸರಿಗೆ ಪ್ರಾಸ್ಟೇಟ್ ಇಲ್ಲ. ಆದರೂ ಅಜ್ಜಿಯರು ರಾತ್ರಿ ಏಳುತ್ತಾರೆ, ಅವರಿಗೂ ಅವಸರ ಇದೆ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ಆನೆ ವಿಷಯ. ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯ ಪೆಟ್ರೀಷಿಯಾ ಯಾಂಗ್, ಡೇವಿಡ್ ಹು ಮತ್ತು ಜೊತೆಗಾರರು ಪ್ರಾಣಿಗಳು ಉಚ್ಚೆ ಹೊಯ್ಯುವುದನ್ನು ಗಡಿಯಾರ ಹಿಡಿದು ಅಳೆದರು. 2014ರಲ್ಲಿ ಅದು ಅಚ್ಚಾಯಿತು. ಮೂರು ಕೆಜಿಗಿಂತ ಹೆಚ್ಚು ತೂಕದ ಸಸ್ತನಿಗಳೆಲ್ಲ ಹೆಚ್ಚು ಕಡಿಮೆ 21 ಸೆಕೆಂಡಿನಲ್ಲಿ ಚೀಲ ಖಾಲಿ ಮಾಡುತ್ತವೆ, ಒಂದಿಷ್ಟು ಆಚೀಚೆ. ಮೇಕೆಗೂ ಅಷ್ಟೇ, 18 ಲೀಟರ್ ಹಿಡಿಯುವ ಆನೆಯ ಚೀಲಕ್ಕೂ ಅಷ್ಟೇ. ಆನೆಯ ಮೂತ್ರನಾಳ ಅಗಲವೂ ಹೌದು, ಉದ್ದವೂ ಹೌದು. ಉದ್ದ ಇದ್ದಷ್ಟೂ ಕೆಳಗೆ ಸುರಿಯುವ ಒತ್ತಡ ಜಾಸ್ತಿ, ತಾರಸಿ ಮೇಲಿನ ಟ್ಯಾಂಕಿನ ನೀರಿನ ಹಾಗೆ. ಆ ಕೆಲಸಕ್ಕೆ 2015ರಲ್ಲಿ ಇಗ್ ನೊಬೆಲ್ ಕೊಟ್ಟರು, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು. ದಸರಾ ಆನೆಗಳ ಬಿಡಾರದ ಕಡೆ ಹೋದಾಗ ಮೊಮ್ಮಕ್ಕಳ ಜೊತೆ ನೀವೂ ಎಣಿಸಬಹುದು. ಆಮೇಲೆ ಮನೆಗೆ ಬಂದು ನಿಮ್ಮದನ್ನು ಎಣಿಸಿಕೊಳ್ಳಿ. ನಿಮಿಷಗಟ್ಟಲೆ ನಿಂತು, ಮುಕ್ಕಿ, ಹನಿ ಹನಿ ಬರುತ್ತಿದ್ದರೆ ಒಮ್ಮೆ ತೋರಿಸಿಕೊಳ್ಳುವುದು ಒಳ್ಳೆಯದು. ಆಸ್ಪತ್ರೆಯಲ್ಲಿ ಇದನ್ನೇ ಯಂತ್ರದಲ್ಲಿ ಅಳೆಯುತ್ತೇವೆ. ಸೆಕೆಂಡಿಗೆ 15 ಮಿಲಿಲೀಟರ್ ಮೇಲೆ ಧಾರೆ ಬಂದರೆ ಸಮಾಧಾನ. 10ಕ್ಕಿಂತ ಕೆಳಗಿದ್ದರೆ ಎಲ್ಲೋ ಅಡ್ಡಿ ಇರಬೇಕು, ಇಲ್ಲವೇ ಚೀಲಕ್ಕೆ ತ್ರಾಣ ಇಲ್ಲ. ಎರಡರಲ್ಲಿ ಯಾವುದು ಅಂತ ಆ ಯಂತ್ರ ಒಂದೇ ಹೇಳಲಾರದು.

ಸರಿ, ಈಗ ಪ್ರಾಸ್ಟೇಟಿಗೆ ಬರೋಣ. ಚೀಲದ ಬಾಯಿಯ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡು ಕೂತ ಗ್ರಂಥಿ ಇದು. ಹರೆಯದಲ್ಲಿ ಸಿಪ್ಪೆ ಸುಲಿಯದ ಸಣ್ಣ ಅಡಿಕೆಕಾಯಿಯಷ್ಟು, ಸುಮಾರು 20 ಗ್ರಾಂ. ನಲವತ್ತು ದಾಟಿದ ಮೇಲೆ ಮೆಲ್ಲಗೆ ಬೆಳೆಯಲು ಶುರು ಮಾಡುತ್ತದೆ. ಅರವತ್ತರ ಹೊತ್ತಿಗೆ ಅರ್ಧದಷ್ಟು ಗಂಡಸರಲ್ಲಿ ಈ ಬೆಳವಣಿಗೆ ಇರುತ್ತದೆ. ಎಂಬತ್ತು ದಾಟಿದವರಲ್ಲಿ ಹತ್ತಕ್ಕೆ ಎಂಟು ಜನರಲ್ಲಾದರೂ ಸರಿ. ಇದು ಕ್ಯಾನ್ಸರ್ ಅಲ್ಲ. ಬೆಳೆದವರಿಗೆಲ್ಲ ತೊಂದರೆಯೂ ಆಗುವುದಿಲ್ಲ. ಸ್ಕ್ಯಾನ್ ರಿಪೋರ್ಟ್ ಹಿಡಿದು "ನಂದು 60 ಗ್ರಾಂ ಇದೆಯಂತೆ" ಅಂತ ನಡುಗುವವರಿದ್ದಾರೆ. 60 ಗ್ರಾಂ ಇದ್ದು ಧಾರೆ ಚೆನ್ನಾಗಿರುವವರು ಇದ್ದಾರೆ, 30 ಗ್ರಾಂ ಇದ್ದು ಪೂರ್ತಿ ಕಟ್ಟಿಕೊಂಡವರೂ ಇದ್ದಾರೆ. ಹೊರಕ್ಕೆ ಬೆಳೆಯಿತೋ, ನಾಳವನ್ನು ಒತ್ತುವ ಹಾಗೆ ಒಳಕ್ಕೆ ಬೆಳೆಯಿತೋ ಅನ್ನುವುದೇ ಮುಖ್ಯ.

ಯಾಕೆ ಬೆಳೆಯುತ್ತದೆ? ಕೆರಿಬಿಯನ್ ಕಡಲಿನ ಡೊಮಿನಿಕನ್ ರಿಪಬ್ಲಿಕ್ ದೇಶದಲ್ಲಿ ಸಲಿನಾಸ್ ಅಂತ ಒಂದು ಹಳ್ಳಿ. ಅಲ್ಲಿ ಕೆಲವು ಮಕ್ಕಳು ಹುಟ್ಟುವಾಗ ಹೆಣ್ಣಿನಂತೆ ಕಾಣುತ್ತಿದ್ದವು, ಹೆಣ್ಣುಮಕ್ಕಳಾಗಿಯೇ ಬೆಳೆಯುತ್ತಿದ್ದವು. ಹನ್ನೆರಡರ ಆಸುಪಾಸಿನಲ್ಲಿ ಗಂಡಸಿನ ಲಕ್ಷಣ ಬರುತ್ತಿತ್ತು. ಜೂಲಿಯನ್ ಇಂಪೆರಾಟೊ ಮ್ಯಾಕ್‌ಗಿನ್ಲಿ ಎಂಬ ವೈದ್ಯೆ ಮತ್ತು ಜೊತೆಗಾರರು 1974ರಲ್ಲಿ ಇದರ ಕಾರಣ ಬರೆದರು. ಗಂಡಸಿನ ಹಾರ್ಮೋನ್ ಟೆಸ್ಟೋಸ್ಟಿರೋನನ್ನು ಇನ್ನೂ ಪ್ರಬಲವಾದ ಇನ್ನೊಂದು ಹಾರ್ಮೋನಾಗಿ ಮಾರ್ಪಡಿಸುವ ಕಿಣ್ವದ ಕೊರತೆ ಆ ಮಕ್ಕಳಿಗಿತ್ತು. ದೊಡ್ಡವರಾದ ಮೇಲೆ ಅವರ ಪ್ರಾಸ್ಟೇಟ್ ಸಣ್ಣದಾಗಿಯೇ ಉಳಿದಿತ್ತು! ಹಾಗಾದರೆ ಆ ಕಿಣ್ವವನ್ನೇ ತಡೆದರೆ ಹೇಗೆ ಅಂತ ಔಷಧ ತಯಾರಿಸುವವರು ಯೋಚಿಸಿದರು. 1992ರಲ್ಲಿ ಅಮೆರಿಕದಲ್ಲಿ ಫಿನಾಸ್ಟಿರೈಡ್ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ನಿಮ್ಮಲ್ಲಿ ಕೆಲವರ ಜೇಬಿನ ಮಾತ್ರೆ ಡಬ್ಬಿಯಲ್ಲಿ ಆ ಹಳ್ಳಿಯ ಋಣ ಇದೆ.

ಈ ಮಾತ್ರೆ ಗ್ರಂಥಿಯನ್ನು ಕುಗ್ಗಿಸುತ್ತದೆ, ಆದರೆ ಆರು ತಿಂಗಳಾದರೂ ಬೇಕು. ಹದಿನೈದು ದಿನ ನುಂಗಿ "ಏನೂ ಆಗಲಿಲ್ಲ" ಅಂತ ಬಿಟ್ಟವರೇ ಜಾಸ್ತಿ. ಇದು ಪಿಎಸ್ಎ ಅನ್ನುವ, ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ಹುಡುಕುವ ರಕ್ತಪರೀಕ್ಷೆಯ ಅಂಕಿಯನ್ನು ಅರ್ಧಕ್ಕೆ ಇಳಿಸುತ್ತದೆ, ಆದ್ದರಿಂದ ಪರೀಕ್ಷೆ ಮಾಡಿಸುವಾಗ ಹೇಳಿ. ಇನ್ನೊಂದು ಜಾತಿ, ಟ್ಯಾಮ್ಸುಲೋಸಿನ್ ಥರದವು. ಅವು ಚೀಲದ ಬಾಯಿಯ ಬಿಗಿತ ಸಡಿಲಿಸುತ್ತವೆ, ಕೆಲವೇ ದಿನದಲ್ಲಿ ಗೊತ್ತಾಗುತ್ತದೆ. ಎದ್ದು ನಿಂತಾಗ ತಲೆ ಸುತ್ತಬಹುದು. ಕಣ್ಣಿನ ಪೊರೆ ಆಪರೇಷನ್ ಇಟ್ಟುಕೊಂಡಿದ್ದರೆ, ಈ ಮಾತ್ರೆ ಈಗ ತೊಗೊಳ್ಳುತ್ತಿದ್ದರೂ ಸರಿ, ಹಿಂದೆ ತೊಗೊಂಡಿದ್ದರೂ ಸರಿ, ಕಣ್ಣಿನ ಡಾಕ್ಟರಿಗೆ ಹೇಳಲೇಬೇಕು. ಆಪರೇಷನ್ ನಡುವೆ ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಪರದೆ ಜೋಲು ಬಿದ್ದು ಅವರಿಗೆ ಕಷ್ಟವಾಗುತ್ತದೆ. ಉಚ್ಚೆ ಮಾತ್ರೆಗೂ ಕಣ್ಣಿಗೂ ಏನು ಸಂಬಂಧ ಅಂತ ಯಾರೂ ಹೇಳಿರುವುದಿಲ್ಲ.

ಈಗ ನನ್ನ ಸೋದರಮಾವನ ಕತೆ. ಹಳ್ಳಿಯಲ್ಲಿರುವವರು, ಆಗ 74. ರಾತ್ರಿ ಮೂರು ಸಲ ಏಳುತ್ತಿದ್ದರು. ಅಳಿಯ ಇದೇ ಕೆಲಸ ಮಾಡುವ ಡಾಕ್ಟರ್, ಆದರೂ ನನಗೆ ಹೇಳಲಿಲ್ಲ. ನಾಚಿಕೆ. ಯಾರದೋ ಮಾತು ಕೇಳಿ ಎರಡು ವರ್ಷ ಪ್ರಾಸ್ಟೇಟ್ ಮಾತ್ರೆ ನುಂಗಿದ್ದರು, ಏನೂ ಕಡಿಮೆಯಾಗಿರಲಿಲ್ಲ. ಒಂದು ಮದುವೆಯಲ್ಲಿ ಊಟ ಮುಗಿಸಿ ಪಕ್ಕದಲ್ಲಿ ಕೂತರು, ಚಪ್ಪಲಿ ಬಿಟ್ಟರು. ಪಾದದ ಮೇಲೆ ಚಪ್ಪಲಿ ಪಟ್ಟಿಯ ಅಚ್ಚು ಒತ್ತಿಕೊಂಡಿತ್ತು. ಬೆರಳಿಟ್ಟು ಒತ್ತಿದೆ, ಗುಳಿ ಬಿತ್ತು. "ಮಾವ, ರಾತ್ರಿ ಎಷ್ಟು ಸಲ ಏಳ್ತೀರಿ?" ಅಂದೆ. ಅವರಿಗೆ ಆಶ್ಚರ್ಯ. ಕಾಲು ಮುಟ್ಟಿ ಉಚ್ಚೆ ವಿಷಯ ಕೇಳುತ್ತಾನಲ್ಲ ಅಂತ.

ಮರುದಿನ ಅವರಿಗೆ ಒಂದು ಕೆಲಸ ಕೊಟ್ಟೆ. ಮೂರು ದಿನ, ಹೋದಾಗಲೆಲ್ಲ ಅಳತೆ ಗುರುತಿರುವ ಪ್ಲಾಸ್ಟಿಕ್ ಮಗ್ಗಿನಲ್ಲಿ ಹಿಡಿದು, ಗಂಟೆ ಮತ್ತು ಎಷ್ಟು ಅಂತ ಬರೆಯಬೇಕು. ಅವರು ಡೈರಿಗೆ ಹಾಲು ಹಾಕುವವರು. ಮನೆಯಲ್ಲಿದ್ದ ಹಳೇ ಹಾಲಿನ ಲೆಕ್ಕದ ಪುಸ್ತಕದಲ್ಲೇ ಬರೆದರು. ಬೆಳಿಗ್ಗೆ, ಸಂಜೆ ಅಂತ ಕಾಲಂ ಮೊದಲೇ ಇತ್ತು. ಹಾಲಿನ ಅಳತೆ ಪಾತ್ರೆಯನ್ನೇ ತೊಗೊಳ್ಳಲು ಹೋಗಿದ್ದರಂತೆ, ಅತ್ತೆ ಬಿಡಲಿಲ್ಲ.

ಪುಸ್ತಕ ನೋಡಿದೆ. ಒಂದು ದಿನದ್ದು ಹೀಗಿತ್ತು. ಬೆಳಿಗ್ಗೆ ಎದ್ದ ಮೇಲಿನದನ್ನು ಬಿಟ್ಟು, ಹಗಲಿಡೀ ಆರು ಸಲ, ಮಲಗುವ ಮುಂಚಿನದೂ ಸೇರಿ ಒಟ್ಟು 900 ಮಿಲಿಲೀಟರ್. ರಾತ್ರಿ 12 ಗಂಟೆಗೆ 300. ಎರಡೂವರೆಗೆ 350. ನಾಲ್ಕೂವರೆಗೆ 250. ಬೆಳಿಗ್ಗೆ ಎದ್ದ ತಕ್ಷಣ 300. ಕೂಡಿಸಿ ನೋಡಿ. ಮಲಗಿದ್ದಾಗ ತಯಾರಾದದ್ದು 1,200, ಎಚ್ಚರವಿದ್ದಾಗ 900. ಬೆಳಿಗ್ಗೆ ಎದ್ದಾಗಿನದು ರಾತ್ರಿಯ ಲೆಕ್ಕಕ್ಕೆ ಸೇರಬೇಕು, ಯಾಕೆಂದರೆ ಅದು ತಯಾರಾದದ್ದು ರಾತ್ರಿ. ವಯಸ್ಸಾದವರಲ್ಲಿ ಇಡೀ ದಿನದ ಮೂತ್ರದ ಮೂರನೇ ಒಂದು ಪಾಲು ರಾತ್ರಿ ಬಂದರೆ ಸರಿ, ಅದಕ್ಕಿಂತ ಜಾಸ್ತಿ ಬಂದರೆ ತೊಂದರೆ ಚೀಲದಲ್ಲಿ ಇಲ್ಲ. ಒಂದೇ ಸಲಕ್ಕೆ 350 ಹಿಡಿದು ಹೊರಹಾಕುವ ಚೀಲ ಅದು, ಪಾಪ, ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು. ಮಾತ್ರೆ ಮಾತ್ರ ಅದರ ಕೆಳಗಿನ ಗ್ರಂಥಿಗೆ ಹೋಗುತ್ತಿತ್ತು.

ಹಾಗಾದರೆ ಅಷ್ಟು ನೀರು ರಾತ್ರಿ ಎಲ್ಲಿಂದ? ಹರೆಯದಲ್ಲಿ ರಾತ್ರಿ ಮೆದುಳಿನಿಂದ ಒಂದು ಹಾರ್ಮೋನ್ ಜಾಸ್ತಿ ಬಂದು ಕಿಡ್ನಿಗೆ "ನೀರು ಹಿಡಿದಿಟ್ಟುಕೋ, ಇವನು ಮಲಗಲಿ" ಅನ್ನುತ್ತದೆ. ವಯಸ್ಸಾದ ಮೇಲೆ ಆ ರಾತ್ರಿಯ ಏರಿಕೆ ಕುಗ್ಗುತ್ತದೆ, ಕಿಡ್ನಿಗೂ ಮೂತ್ರ ಗಟ್ಟಿ ಮಾಡುವ ಶಕ್ತಿ ಕಡಿಮೆಯಾಗುತ್ತದೆ. ಇದರ ಜೊತೆಗೆ ಕಾಲು. ಹಗಲಿಡೀ ಕಾಲಿಗೆ ಇಳಿದ ನೀರು ಮಲಗಿದ ಮೇಲೆ ರಕ್ತಕ್ಕೆ ವಾಪಸ್ ಬರುತ್ತದೆ. ರಕ್ತದಿಂದ ಕಿಡ್ನಿಗೆ, ಕಿಡ್ನಿಯಿಂದ ಚೀಲಕ್ಕೆ. ಮಾವನ ಕಾಲು ಊದಲು ಕಾರಣ ಬಿಪಿಗೆ ತೊಗೊಳ್ಳುತ್ತಿದ್ದ ಆಮ್ಲೋಡಿಪಿನ್. ಒಳ್ಳೆಯ ಮಾತ್ರೆ, ಆದರೆ ಕೆಲವರಿಗೆ ಕಾಲು ಊದಿಸುತ್ತದೆ. ಅವರ ಡಾಕ್ಟರ್ ಹತ್ತಿರ ಮಾತಾಡಿ ಬೇರೆ ಮಾತ್ರೆಗೆ ಬದಲಾಯಿಸಿದೆವು. ನೀವಾಗಿಯೇ ನಿಲ್ಲಿಸಬೇಡಿ, ಬಿಪಿ ಏರಿದರೆ ಆಗುವ ಅನಾಹುತ ಬೇರೆ. ಮಧ್ಯಾಹ್ನ ಮೂರಕ್ಕೆ ಒಂದು ಗಂಟೆ ಎರಡು ದಿಂಬಿನ ಮೇಲೆ ಕಾಲಿಟ್ಟು ಮಲಗಿ ಅಂದೆ, ಆ ನೀರು ಹಗಲೇ ಹೊರಗೆ ಹೋಗಲಿ ಅಂತ. ರಾತ್ರಿ ಒಂಬತ್ತಕ್ಕೆ ಮುದ್ದೆ ಉಂಡು, ಮೇಲೆ ಒಂದು ಚೊಂಬು ಮಜ್ಜಿಗೆ ಕುಡಿಯುವ ಅಭ್ಯಾಸ ಅವರದು. ಊಟ ಏಳೂವರೆಗೆ ಬಂತು, ಮಜ್ಜಿಗೆ ಮಧ್ಯಾಹ್ನಕ್ಕೆ ಹೋಯಿತು. ಒಂದು ತಿಂಗಳಲ್ಲಿ ಮೂರು ಸಲ ಇದ್ದದ್ದು ಒಂದಕ್ಕೆ ಇಳಿಯಿತು. ಪ್ರಾಸ್ಟೇಟ್ ಮಾತ್ರೆ ನಿಲ್ಲಿಸಿದೆವು.

ಕಾಲು ಊದುವುದಕ್ಕೆ ಹೃದಯ, ಕಿಡ್ನಿ ತೊಂದರೆಯೂ ಕಾರಣ ಇರಬಹುದು, ಅದನ್ನು ನೋಡಿಸಿಕೊಳ್ಳಿ. ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ನಿಂತು ಎಚ್ಚರವಾಗುವವರಿಗೂ ರಾತ್ರಿ ಮೂತ್ರ ಜಾಸ್ತಿ. ಉಸಿರಿಗಾಗಿ ಒದ್ದಾಡುವಾಗ ಹೃದಯದ ಮೇಲ್ಕೋಣೆ ಹಿಗ್ಗಿ, ನೀರು ಹೊರಹಾಕು ಅಂತ ಕಿಡ್ನಿಗೆ ಸುದ್ದಿ ಹೋಗುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಿದ್ದರೆ ಕೇಳುವುದೇ ಬೇಡ.

ಇನ್ನೊಬ್ಬರ ಪಟ್ಟಿ ನೋಡಿ. ಅವರೂ ಮೂರು ನಾಲ್ಕು ಸಲ ಏಳುವವರೇ. ಆದರೆ ಪ್ರತಿ ಸಲ 60, 80, 70. ಹಗಲೂ ಅಷ್ಟೇ. ಇದು ಚೀಲದ ತೊಂದರೆ, ಅಥವಾ ಅಡ್ಡಿ ಇರುವ ಚೀಲದ ತೊಂದರೆ. ದೂರು ಒಂದೇ, ದಾರಿ ಬೇರೆ. ಸಾವಿರಾರು ರೂಪಾಯಿಯ ಪರೀಕ್ಷೆಗಿಂತ ಮುಂಚೆ ನಾನು ಮಗ್ಗು ಮತ್ತು ಪೆನ್ನು ಕೇಳುವುದು ಇದಕ್ಕೇ.

ರಾತ್ರಿ ಮೂತ್ರ ಕಡಿಮೆ ಮಾಡುವ ಮಾತ್ರೆ ಬಂದಿದೆಯಂತಲ್ಲ ಅಂತ ಚೀಟಿ ಕಳಿಸಿದ್ದಾರೆ. ಇದೆ. ಆದರೆ ವಯಸ್ಸಾದವರಲ್ಲಿ ರಕ್ತದ ಸೋಡಿಯಂ ಇಳಿಸಿ ಮಂಕು ಕವಿಸುತ್ತದೆ. ಸುಮ್ನೆ ಅಂಗಡಿಯಿಂದ ತರುವ ಮಾತ್ರೆ ಅಲ್ಲ. ನೀರು ಕುಡಿಯುವುದನ್ನೇ ಬಿಟ್ಟವರೂ ಇದ್ದಾರೆ. ಅದೂ ತಪ್ಪು. ಮೂತ್ರ ಗಟ್ಟಿಯಾದರೆ ಚೀಲಕ್ಕೆ ಇನ್ನೂ ಕಿರಿಕಿರಿ, ಮಲಬದ್ಧತೆ ಬೇರೆ. ಹಗಲು ಕುಡಿಯಿರಿ, ಸಂಜೆ ಮೇಲೆ ಕಡಿಮೆ ಮಾಡಿ. ಆರು ಗಂಟೆ ಮೇಲಿನ ಕಾಫಿ ಬಿಡಿ ಅಂದರೆ ನನ್ನ ಮೇಲೆ ಸಿಟ್ಟು ಬರುತ್ತದೆ, ಆದರೂ ಹೇಳುತ್ತೇನೆ.

ಈಗ ಉಚ್ಚೆ ಕಟ್ಟುವ ವಿಷಯ. ಇದು ಗಾಬರಿಯ ಸಂಗತಿ. ಒಬ್ಬರು ರಾತ್ರಿ ಬಸ್ಸಿನಲ್ಲಿ ಊರಿನಿಂದ ಬಂದರು. ನೆಗಡಿ ಅಂತ ಹತ್ತುವ ಮುಂಚೆ ಒಂದು ಮಾತ್ರೆ, ನಡುವೆ ಇನ್ನೊಂದು. ಡ್ರೈವರಿಗೆ ನಿಲ್ಲಿಸು ಅನ್ನಲು ಸಂಕೋಚ, ತಡೆದುಕೊಂಡರು. ಬೆಳಿಗ್ಗೆ ಇಳಿದು ನಿಂತರೆ ಒಂದು ಹನಿ ಬರಲಿಲ್ಲ. ನನ್ನ ಹತ್ತಿರ ಬಂದಾಗ ಹೊಟ್ಟೆ ಕೆಳಗೆ ತೆಂಗಿನಕಾಯಿ ಇಟ್ಟ ಹಾಗಿತ್ತು, ಮೈಯೆಲ್ಲ ಬೆವರು. ನಳಿಕೆ ಹಾಕಿದೆವು. 900 ಮಿಲಿಲೀಟರ್. ಆ ಮನುಷ್ಯ ಕಣ್ಣು ಮುಚ್ಚಿ, "ನನ್ನ ಮದುವೆ ದಿನವೂ ಇಷ್ಟು ಸುಖ ಆಗಿರಲಿಲ್ಲ ಡಾಕ್ಟ್ರೇ" ಅಂದರು. ಹೆಂಡತಿ ಪಕ್ಕದಲ್ಲೇ ಇದ್ದರು.

ನೆಗಡಿ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಎರಡು ವಸ್ತು ಇರುತ್ತವೆ. ಮೂಗು ಕಟ್ಟಿದ್ದನ್ನು ಬಿಡಿಸುವ ಫಿನೈಲೆಫ್ರಿನ್ ಚೀಲದ ಬಾಯಿಯನ್ನು ಬಿಗಿ ಮಾಡುತ್ತದೆ. ಸೀನು ನಿಲ್ಲಿಸುವ ಕ್ಲೋರ್‌ಫೆನಿರಮಿನ್ ಚೀಲದ ಹಿಂಡುವ ಶಕ್ತಿ ಇಳಿಸುತ್ತದೆ. ಮೊದಲೇ ಏದುಸಿರು ಬಿಡುತ್ತಿದ್ದ ಚೀಲಕ್ಕೆ ಬಾಗಿಲೂ ಹಾಕಿ, ಕೈಯನ್ನೂ ಕಟ್ಟಿದಂತೆ. ಧಾರೆ ಸಣ್ಣದಾಗಿರುವವರು ಕೇಳದೆ ನೆಗಡಿ ಮಾತ್ರೆ ನುಂಗಬೇಡಿ. ಬಸ್ಸು ಹತ್ತುವ ಮುಂಚೆ ಹೋಗಿ ಬನ್ನಿ, ಎರಡು ನಿಮಿಷ ಬಿಟ್ಟು ಇನ್ನೊಮ್ಮೆ ಹೋಗಿ ಬನ್ನಿ. ನಡುವೆ ನಿಲ್ಲಿಸಲು ಹೇಳಲು ನಾಚಿಕೆ ಬೇಡ, ಹಿಂದೆ ಇನ್ನೂ ನಾಲ್ಕು ಜನ ನಿಮ್ಮ ಬಾಯಿಗೇ ಕಾಯುತ್ತಿರುತ್ತಾರೆ.

ಇದಕ್ಕಿಂತ ಕೆಟ್ಟದ್ದು ನೋವಿಲ್ಲದೆ ಕಟ್ಟುವುದು. ವರ್ಷಗಟ್ಟಲೆ ಅಡ್ಡಿಯ ಎದುರು ಹಿಂಡಿ ಹಿಂಡಿ ಚೀಲ ಮೊದಲು ಗರಡಿಮನೆ ಪೈಲ್ವಾನನ ಹಾಗೆ ದಪ್ಪವಾಗುತ್ತದೆ. ಆಮೇಲೆ ಕೈ ಚೆಲ್ಲುತ್ತದೆ. ಒಂದು ಲೀಟರ್ ಒಳಗೇ ನಿಂತರೂ ಗೊತ್ತಾಗುವುದಿಲ್ಲ, ತುಂಬಿ ತುಳುಕಿದ್ದು ಮಾತ್ರ ಹೊರಗೆ. ಇಷ್ಟು ವರ್ಷ ಇಲ್ಲದೆ ಈಗ ಹಾಸಿಗೆ ಒದ್ದೆಯಾಗುತ್ತಿದೆ ಅಂದರೆ ಅದನ್ನು ಮರೆವು, ಮುದಿತನ ಅಂತ ಬಿಡಬೇಡಿ. ಒತ್ತಡ ಮೇಲಕ್ಕೆ ಹೋಗಿ ಕಿಡ್ನಿ ಊದುತ್ತಿರಬಹುದು. ಆ ವಾರವೇ ಸ್ಕ್ಯಾನ್, ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ. ಮೂತ್ರದಲ್ಲಿ ರಕ್ತ ಕಂಡರೂ ಅಷ್ಟೇ. ಒಂದೇ ಸಲ ಬಂತು, ನೋವಿರಲಿಲ್ಲ ಅಂತ ಸುಮ್ಮನಾಗಬೇಡಿ. ನೋವಿಲ್ಲದ ರಕ್ತಕ್ಕೇ ನಾವು ಜಾಸ್ತಿ ಹೆದರುವುದು.

ಇನ್ನು ಚಿಕ್ಕ ಮಾತು, ಕೂತು ಮಾಡುವುದು. ಪಂಚೆ ಉಡುತ್ತಿದ್ದ ನಮ್ಮ ಹಿರಿಯರು ಬೇಲಿ ಪಕ್ಕ ಕೂತೇ ಮಾಡುತ್ತಿದ್ದರು. ಪ್ಯಾಂಟು ಬಂದ ಮೇಲೆ ನಿಂತೆವು. ಧಾರೆ ಸಣ್ಣದಾದವರಿಗೆ ಕೂತರೆ ಚೀಲ ಸ್ವಲ್ಪ ಚೆನ್ನಾಗಿ ಖಾಲಿಯಾಗುತ್ತದೆ. ರಾತ್ರಿಯಂತೂ ಕೂತೇ ಮಾಡಿ. ಬೆಚ್ಚಗಿನ ಹಾಸಿಗೆಯಿಂದ ಥಟ್ಟನೆ ಎದ್ದು ನಿಂತು ಹೊಯ್ಯುವಾಗ ಬಿಪಿ ಇಳಿದು ಅಲ್ಲೇ ಬೀಳುವವರಿದ್ದಾರೆ. ಸೊಂಟದ ಮೂಳೆ ಮುರಿದುಕೊಂಡ ಎಷ್ಟೋ ಹಿರಿಯರ ಕತೆ ಶುರುವಾಗುವುದು ರಾತ್ರಿ ಬಾತ್‌ರೂಮಿನ ದಾರಿಯಲ್ಲೇ. ಅಲ್ಲಿಗೆ ಒಂದು ಸಣ್ಣ ದೀಪ ಹಾಕಿಸಿ. ಮುಗಿಸಿ ಬಂದ ಮೇಲೆ ಪಂಚೆಗೆ ನಾಲ್ಕು ಹನಿ ಬೀಳುತ್ತದಲ್ಲ, ಅದು ನಾಳದ ಬಾಗಿನಲ್ಲಿ ನಿಂತದ್ದು. ಬೀಜದ ಚೀಲದ ಹಿಂದೆ ಬೆರಳಿಟ್ಟು ಮುಂದಕ್ಕೆ ಒತ್ತಿ ತಂದರೆ ಅಲ್ಲೇ ಹೊರಬೀಳುತ್ತದೆ. ಮಾತ್ರೆ ಬೇಕಿಲ್ಲ.

ಕೊನೆ ಸಾಲಿನಿಂದ ಒಬ್ಬರು ಕೇಳಿದ್ದಾರೆ: ಪ್ರಾಸ್ಟೇಟ್ ಆಪರೇಷನ್ ಆಗಿ ಒಂದು ವರ್ಷವಾಯಿತು, ಧಾರೆ ಹುಡುಗರ ಹಾಗೆ ಬರುತ್ತಿದೆ, ಆದರೆ ರಾತ್ರಿ ಏಳುವುದು ನಿಂತಿಲ್ಲ, ಆಪರೇಷನ್ ಕೆಟ್ಟಿತಾ ಅಂತ. ಕೆಟ್ಟಿಲ್ಲ ಸಾರ್. ಆಪರೇಷನ್ ಪೈಪಿಗೆ ಆಗಿದೆ, ಪೈಪ್ ಸರಿಯಾಗಿದೆ. ಟ್ಯಾಂಕಿಗೆ ರಾತ್ರಿ ಎಷ್ಟು ನೀರು ಬರುತ್ತಿದೆ ಅಂತ ಯಾರೂ ನೋಡಿಲ್ಲ. ನಿಮ್ಮ ಕಾಲು ಸಂಜೆ ಹೊತ್ತಿಗೆ ಊದುತ್ತದಾ? ಗೊರಕೆ ಇದೆಯಾ? ನಿಮ್ಮ ಮನೆಯವರು ಇಲ್ಲೇ ಇದ್ದಾರಲ್ಲ, ಗೊರಕೆ ಪ್ರಶ್ನೆಗೆ ಅವರೇ ಉತ್ತರ ಕೊಡಲಿ. ಆಗಲೇ ತಲೆ ಆಡಿಸುತ್ತಿದ್ದಾರೆ. ಮೂರು ದಿನ ಬರೆದು, ಸೋಮವಾರ ಪುಸ್ತಕ ತೊಗೊಂಡು ಬನ್ನಿ.